ಎಲ್ಲೂ ಇಲ್ಲದ ಊರಿನಲ್ಲಿ ಮುಸುರೆ ತಿಕ್ಕುವವರು

ಯಾರೋ ಒಬ್ಬ ಕೆಮ್ಮಿದ್ದರಿಂದ ಒಂದು ದೇಶದ ವಿಳಾಸವೇ ಕಳೆದುಹೋಯಿತು.

ನಡೆದದ್ದು ಆಂಟ್‌ವರ್ಪ್ ನಗರದ ಒಂದು ಮನೆಯ ತೋಟದಲ್ಲಿ. ಹುಲ್ಲು ಬೆಳೆದ ಕಟ್ಟೆಯ ಮೇಲೆ ಕೂತು, ಬಿಸಿಲಿಗೆ ಮುಖ ಕಂದಿದ, ಉದ್ದ ಗಡ್ಡದ ಯಾತ್ರಿಕನೊಬ್ಬ ತಾನು ಐದು ವರ್ಷ ಇದ್ದು ಬಂದ ದ್ವೀಪದ ಕಥೆ ಹೇಳುತ್ತಿದ್ದ. ಕೇಳುತ್ತಿದ್ದವರು ಲಂಡನ್ನಿನ ವಕೀಲ ಥಾಮಸ್ ಮೋರ್ ಮತ್ತು ಆ ಊರಿನ ನಗರಸಭೆಯ ಗುಮಾಸ್ತ ಪೀಟರ್ ಜೈಲ್ಸ್. ದ್ವೀಪ ಯಾವ ಕಡಲಲ್ಲಿ, ಯಾವ ದಿಕ್ಕಿಗಿದೆ ಎಂಬ ಮಾತು ಬರುವ ಹೊತ್ತಿಗೆ ಸರಿಯಾಗಿ ಮೋರ್‌ನ ಆಳು ಬಂದು ಯಜಮಾನನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಜೈಲ್ಸ್ ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡೇ ಇದ್ದ. ಆದರೆ ಅದೇ ಗಳಿಗೆಗೆ ಹಡಗಿನಲ್ಲಿ ನೆಗಡಿ ಹತ್ತಿಸಿಕೊಂಡು ಬಂದಿದ್ದ ಜೊತೆಗಾರನೊಬ್ಬ ಜೋರಾಗಿ ಕೆಮ್ಮಿಬಿಟ್ಟ. ಇಬ್ಬರಿಗೂ ಕೇಳಲಿಲ್ಲ. ಹೀಗಾಗಿ ಯುಟೋಪಿಯಾ ಎಲ್ಲಿದೆ ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಈ ಕೆಮ್ಮಿನ ಪ್ರಸಂಗ ಜೈಲ್ಸ್ ಬರೆದ ಒಂದು ಪತ್ರದಲ್ಲಿದೆ. ಪತ್ರ ನಿಜ, ಜೈಲ್ಸ್ ನಿಜ, ಮೋರ್ ನಿಜ. ಕೆಮ್ಮು, ದ್ವೀಪ, ಯಾತ್ರಿಕ ಎಲ್ಲ ಸುಳ್ಳು. 1516ರ ಕೊನೆಗೆ ಲೂವೇನ್ ಪಟ್ಟಣದಲ್ಲಿ ಅಚ್ಚಾದ ಲ್ಯಾಟಿನ್ ಪುಸ್ತಕವೊಂದಕ್ಕೆ ಗೆಳೆಯರೆಲ್ಲ ಸೇರಿ ಹೆಣೆದ ತಮಾಷೆಯ ಮುನ್ನುಡಿ ಅದು. ಮೋರ್ ಕೂಡ ಜೈಲ್ಸ್‌ಗೆ ಒಂದು ಪತ್ರ ಬರೆದ. ರಾಜಧಾನಿಯ ಹೊಳೆಗೆ ಕಟ್ಟಿದ ಸೇತುವೆ 500 ಹೆಜ್ಜೆ ಉದ್ದ ಎಂದು ನನ್ನ ನೆನಪು, ನಮ್ಮ ಹುಡುಗ ಜಾನ್ ಕ್ಲೆಮೆಂಟ್ ಅದರಲ್ಲಿ 200 ಕಳೆಯಬೇಕು ಎನ್ನುತ್ತಾನೆ, ದಯವಿಟ್ಟು ಆ ಯಾತ್ರಿಕನನ್ನೇ ಕೇಳಿ ಸರಿಪಡಿಸು ಎಂದು ಬೇಡಿಕೊಂಡ. ಯಾರೋ ಒಬ್ಬ ಧರ್ಮಶಾಸ್ತ್ರ ಪಂಡಿತರಿಗೆ ಆ ದ್ವೀಪಕ್ಕೆ ಬಿಷಪ್ ಆಗಿ ಹೋಗುವ ಆಸೆ ಹುಟ್ಟಿದೆ ಎಂದೂ ಸೇರಿಸಿದ. ಇಲ್ಲದ ಸೇತುವೆಯ ಅಳತೆಗೆ ಇಷ್ಟು ತಲೆಕೆಡಿಸಿಕೊಳ್ಳುವವನು ಸುಳ್ಳು ಹೇಳುತ್ತಾನೆಂದು ಯಾರು ನಂಬಿಯಾರು?

ಆದರೆ ಗ್ರೀಕ್ ಬಲ್ಲವರಿಗೆ ಗುಟ್ಟು ಮೊದಲೇ ಬಯಲಾಗಿತ್ತು. ಯುಟೋಪಿಯಾ ಎಂದರೆ 'ಎಲ್ಲೂ ಇಲ್ಲದ ಊರು'. ಕಿವಿಗೆ 'ಒಳ್ಳೆಯ ಊರು' ಎಂದೂ ಕೇಳಿಸುವಂಥ ಪದ. ರಾಜಧಾನಿ ಅಮಾರೋಟ್, ಅಂದರೆ ಮಬ್ಬೂರು. ಅದರ ಮಗ್ಗುಲಲ್ಲಿ ಹರಿಯುವ ಅನೈಡರ್, ನೀರಿಲ್ಲದ ಹೊಳೆ. ಅಲ್ಲಿನ ಅಧಿಪತಿಯ ಬಿರುದಿಗೆ ಪ್ರಜೆಗಳಿಲ್ಲದವನೆಂಬ ಅರ್ಥ. ಕಥೆ ಹೇಳಿದ ರಫಾಯಲ್ ಹಿತ್ಲೊಡೇಯ ಹೆಸರನ್ನು ಒಡೆದು ನೋಡಿದರೆ ಸಿಗುವುದು, ನಮ್ಮ ಮಾತಿನಲ್ಲಿ ಹೇಳುವುದಾದರೆ, ಬುರುಡೆ ಬಿಡುವವ. ಇನ್ನೊಂದು ತಮಾಷೆ ಇದೆ. 1518ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಆವೃತ್ತಿಗೆ ಅಂಬ್ರೋಸಿಯಸ್ ಹೋಲ್‌ಬೈನ್ ಎಂಬ ಕಲಾವಿದ ದ್ವೀಪದ ನಕ್ಷೆ ಬರೆದುಕೊಟ್ಟ. ಅದನ್ನು ತುಸು ದೂರ ಹಿಡಿದು ನೋಡಿದರೆ ದ್ವೀಪ ಹೋಗಿ ಮನುಷ್ಯನ ತಲೆಬುರುಡೆ ಕಾಣುತ್ತದೆ ಎನ್ನುವವರಿದ್ದಾರೆ. ಕೆಳಗೆ ನಿಂತ ಹಡಗಿನ ಒಡಲೇ ಹಲ್ಲಿನ ಸಾಲು. ಬುರುಡೆಯೊಳಗೆ ಬುರುಡೆ ಎಂಬ ಶ್ಲೇಷೆ ಕನ್ನಡದಲ್ಲಿ ಮಾತ್ರ ಸಾಧ್ಯ, ಪಾಪ, ಹೋಲ್‌ಬೈನನಿಗೆ ಅದು ಗೊತ್ತಿರಲಿಕ್ಕಿಲ್ಲ.

ಐನೂರು ವರ್ಷಗಳಾದರೂ ಪದ ಸವೆದಿಲ್ಲ. ಆಗದ ಹೋಗದ ಯೋಜನೆಯ ಮಾತು ಬಂದಾಗ 'ಅದೆಲ್ಲ ಯುಟೋಪಿಯಾ ಬಿಡ್ರಿ' ಎಂದು ನಾವೂ ಕೈ ಝಾಡಿಸುತ್ತೇವೆ. ಹಾಗೆ ಅನ್ನುವ ಎಷ್ಟು ಮಂದಿ ಆ ದ್ವೀಪವನ್ನು ಒಂದು ಸುತ್ತು ಹಾಕಿ ಬಂದಿದ್ದಾರೋ ಕಾಣೆ. ನಾನು ಎರಡು ಬಾರಿ ಹೋಗಿ ಬಂದೆ. ಮೊದಲ ಸಲ ಅಂಗಳ, ಪಡಸಾಲೆ ನೋಡಿ ಮರುಳಾದೆ. ಎರಡನೇ ಸಲ ಹಿತ್ತಲಿಗೆ ಹೋದೆ.

ಮೊದಲು ಪಡಸಾಲೆ.

1515ರಲ್ಲಿ ಮೋರ್ ಇಂಗ್ಲೆಂಡಿನ ದೊರೆಯ ನಿಯೋಗದ ಜೊತೆ ಫ್ಲಾಂಡರ್ಸಿಗೆ ಹೋದದ್ದು ಉಣ್ಣೆ ವ್ಯಾಪಾರದ ತಕರಾರು ಬಗೆಹರಿಸಲು. ಮಾತುಕತೆ ನಡುವೆ ನಿಂತು, ಕೈಯಲ್ಲಿ ಸಮಯ ಉಳಿಯಿತು. ಆಗ ಬರೆದದ್ದು ದ್ವೀಪದ ವರ್ಣನೆಯಿರುವ ಎರಡನೇ ಭಾಗ. ಮೊದಲ ಭಾಗ ಬರೆದದ್ದು ಊರಿಗೆ ಮರಳಿದ ಮೇಲೆ. ಆಗಿನ ಆಂಟ್‌ವರ್ಪ್ ಎಂದರೆ ಪೋರ್ಚುಗೀಸರು ಮಲಬಾರ್ ಕಡೆಯಿಂದ ತಂದ ಕಾಳುಮೆಣಸು ಮೂಟೆ ಬಿಚ್ಚಿಕೊಳ್ಳುತ್ತಿದ್ದ ಪೇಟೆ. ಆದ್ದರಿಂದಲೇ ಇರಬೇಕು, ಮೋರ್‌ನ ಯಾತ್ರಿಕ ಹೊಸ ಜಗತ್ತನ್ನೆಲ್ಲ ಅಲೆದು ಸಿಂಹಳಕ್ಕೆ ಬಂದು, ಅಲ್ಲಿಂದ ಕಲ್ಲಿಕೋಟೆ ಸೇರಿ, ಪುಣ್ಯಕ್ಕೆ ಅಲ್ಲಿ ಪೋರ್ಚುಗೀಸ್ ಹಡಗುಗಳು ಸಿಕ್ಕಿ ಊರಿಗೆ ಮರಳುತ್ತಾನೆ. ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಲಂಗರು ಹಾಕಿ ಪುಸ್ತಕ ಅಚ್ಚಾಗುವ ಹೊತ್ತಿಗೆ ಇನ್ನೂ ಹದಿನೆಂಟು ವರ್ಷ. ಎಲ್ಲೂ ಇಲ್ಲದ ಊರಿನಿಂದ ಯುರೋಪಿಗೆ ಹೋಗುವ ದಾರಿ ನಮ್ಮ ಪಡುವಣ ಕಡಲ ಮೂಲಕವೇ ಹಾದುಹೋಗುತ್ತದೆ ಎಂಬುದು ಹೆಚ್ಚಿನವರ ಕಣ್ಣಿಗೆ ಬೀಳದ ಸಂಗತಿ.

ಯುಟೋಪಿಯಾ ಹುಟ್ಟಾ ದ್ವೀಪವಲ್ಲ. ಮೊದಲು ಅದು ದಡಕ್ಕೆ ಅಂಟಿಕೊಂಡ ನೆಲ, ಹೆಸರು ಅಬ್ರಾಕ್ಸ. ಯುಟೋಪಸ್ ಎಂಬ ದೊರೆ ಗೆದ್ದು, ನೆಲ ಕೂಡುವ ಜಾಗದಲ್ಲಿ 15 ಮೈಲಿ ಕಾಲುವೆ ತೋಡಿಸಿ ಸುತ್ತಲೂ ಕಡಲು ಹರಿಸಿದ. ಸೋತವರನ್ನಷ್ಟೇ ದುಡಿಸಿದರೆ ಅವಮಾನವೆಂದುಕೊಂಡಾರೆಂದು ತನ್ನ ಸೈನಿಕರ ಕೈಗೂ ಗುದ್ದಲಿ ಕೊಟ್ಟ. ಬಿದಿಗೆ ಚಂದ್ರನ ಆಕಾರದ ದ್ವೀಪ. ನಡುಭಾಗದ ಅಗಲ 200 ಮೈಲಿ, ಸುತ್ತಳತೆ 500 ಮೈಲಿ. ಲೆಕ್ಕ ಹಾಕಿ ನೋಡಿ: 500 ಮೈಲಿ ಸುತ್ತಳತೆಯ ವೃತ್ತಕ್ಕೆ ಅಡ್ಡಳತೆ 160 ಮೈಲಿಯೂ ಬರುವುದಿಲ್ಲ. ಸೇತುವೆಯ ಉದ್ದಕ್ಕೆ ಅಷ್ಟು ಚಡಪಡಿಸಿದವನು ಇಲ್ಲಿ ಬೇಕೆಂದೇ ಎಡವಿದನೋ, ಮರೆತು ಎಡವಿದನೋ ಹೇಳುವುದು ಕಷ್ಟ.

ಒಳಗೆ 54 ನಗರಗಳು. ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ಅದೇ ಬೀದಿ, ಅದೇ ಭಾಷೆ, ಅದೇ ಕಾನೂನು. ಒಂದೊಂದು ನಗರದಲ್ಲಿ 6000 ಮನೆತನ. ಮನೆಗೆ ಹತ್ತರಿಂದ ಹದಿನಾರು ದೊಡ್ಡವರು. ಮೂವತ್ತು ಮನೆಗಳಿಗೊಬ್ಬ ಮುಖಂಡನನ್ನು ವರ್ಷಕ್ಕೊಮ್ಮೆ ಆರಿಸುತ್ತಾರೆ. ಬಾಗಿಲಿಗೆ ಬೀಗವಿಲ್ಲ, ತಳ್ಳಿದರೆ ತೆರೆಯುತ್ತದೆ, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಹತ್ತು ವರ್ಷಕ್ಕೊಮ್ಮೆ ಚೀಟಿ ಎತ್ತಿ ಮನೆ ಬದಲಾಯಿಸಿಕೊಳ್ಳಬೇಕು, ನನ್ನದೆಂಬ ಮೋಹ ಬೇರೂರಬಾರದಲ್ಲ. ಆದರೂ ಹಿತ್ತಲ ತೋಟದ ವಿಷಯದಲ್ಲಿ ಬೀದಿ ಬೀದಿಗೂ ಪೈಪೋಟಿ ಇದೆಯಂತೆ. ಮನುಷ್ಯರೆಂದು ನಂಬಲು ಅಷ್ಟು ಸಾಕು.

ಎಲ್ಲರೂ ಬೇಸಾಯ ಕಲಿತಿರಬೇಕು. ಸರದಿಯ ಮೇಲೆ ಎರಡು ವರ್ಷ ಹಳ್ಳಿಯಲ್ಲಿದ್ದು ಬರಬೇಕು. ಅಲ್ಲಿ ಮೊಟ್ಟೆಗೆ ಕೋಳಿ ಕಾವು ಕೊಡುವುದಿಲ್ಲ. ಹದವಾದ ಶಾಖದಲ್ಲಿಟ್ಟು ಜನರೇ ಮರಿ ಮಾಡುತ್ತಾರೆ. ಚಿಪ್ಪೊಡೆದು ಹೊರಬಂದ ಮರಿಗಳು ಮನುಷ್ಯರನ್ನೇ ತಾಯಿ ಎಂದುಕೊಂಡು ಹಿಂದೆ ಹಿಂದೆ ಓಡುತ್ತವೆ. ನಗರದಲ್ಲಿದ್ದಾಗ ಗಂಡಸರು, ಹೆಂಗಸರು ಎಲ್ಲರಿಗೂ ಒಂದೊಂದು ಕಸುಬು: ನೇಯ್ಗೆ, ಗಾರೆ ಕೆಲಸ, ಕಮ್ಮಾರಿಕೆ, ಬಡಗಿತನ. ದಿನಕ್ಕೆ ಆರು ಗಂಟೆ ದುಡಿತ, ಬೆಳಿಗ್ಗೆ ಮೂರು, ಊಟವಾಗಿ ಎರಡು ಗಂಟೆ ವಿಶ್ರಾಂತಿಯಾದ ಮೇಲೆ ಮೂರು. ಎಂಟು ಗಂಟೆ ನಿದ್ದೆ. ಬೆಳಕು ಹರಿಯುವ ಮೊದಲೇ ಸಾರ್ವಜನಿಕ ಉಪನ್ಯಾಸಗಳು, ಹೋಗುವುದು ಬಿಡುವುದು ಅವರವರ ಇಷ್ಟ. ಆರೇ ಗಂಟೆಯ ದುಡಿತದಿಂದ ಎಲ್ಲರ ಹೊಟ್ಟೆ ಹೇಗೆ ತುಂಬುತ್ತದೆ? ಯಾತ್ರಿಕನ ಉತ್ತರ ಸೀದಾ ಇದೆ. ನಿಮ್ಮ ದೇಶಗಳಲ್ಲಿ ಕೂತು ತಿನ್ನುವ ಶ್ರೀಮಂತರನ್ನು, ಅವರ ಹಿಂದೆ ತಿರುಗುವ ಪರಿವಾರವನ್ನು, ಗಟ್ಟಿಮುಟ್ಟಾದ ಭಿಕ್ಷುಕರನ್ನು, ಪುರೋಹಿತರ ಹಿಂಡನ್ನು ಎಣಿಸಿ ನೋಡಿ, ನಿಜವಾಗಿ ದುಡಿಯುವವರು ಎಷ್ಟು ಕಡಿಮೆ ಎಂದು ಆಗ ತಿಳಿಯುತ್ತದೆ ಎನ್ನುತ್ತಾನೆ.

ದುಡ್ಡಿಲ್ಲ. ಸಂತೆಯಲ್ಲಿ ಮನೆಯ ಯಜಮಾನ ಬೇಕಾದ್ದನ್ನು ಎತ್ತಿಕೊಂಡು ಬರುತ್ತಾನೆ, ಲೆಕ್ಕ ಕೇಳುವವರಿಲ್ಲ. ಬಂಗಾರ ಉಂಟು, ರಾಶಿ ರಾಶಿ. ಅದರಿಂದ ಮಾಡುವುದು ರಾತ್ರಿ ಮೂತ್ರಕ್ಕೆ ಇಟ್ಟುಕೊಳ್ಳುವ ಪಾತ್ರೆ, ಗುಲಾಮರ ಸಂಕೋಲೆ, ತಪ್ಪಿತಸ್ಥರ ಕಿವಿಗೆ ಓಲೆ. ಮುತ್ತು ವಜ್ರ ಮಕ್ಕಳ ಆಟಕ್ಕೆ. ಒಮ್ಮೆ ಪರದೇಶದ ರಾಯಭಾರಿಗಳು ಮೈತುಂಬ ಬಂಗಾರ ಹೇರಿಕೊಂಡು ಮೆರವಣಿಗೆಯಲ್ಲಿ ಬಂದರು. ಯುಟೋಪಿಯಾದ ಜನ ಸಾದಾ ಬಟ್ಟೆ ತೊಟ್ಟ ಆಳುಗಳಿಗೆ ತಲೆಬಾಗಿ, ರಾಯಭಾರಿಗಳನ್ನು ಗುಲಾಮರೆಂದುಕೊಂಡು ಸುಮ್ಮನೆ ದಾಟಿಹೋದರು. ಇಷ್ಟು ದೊಡ್ಡವನಾಗಿಯೂ ಹರಳಿನ ಆಟಿಕೆ ತೊಟ್ಟಿದ್ದಾನಲ್ಲ ಎಂದು ಹುಡುಗನೊಬ್ಬ ನಕ್ಕರೆ, ಸುಮ್ಮನಿರು, ರಾಯಭಾರಿಯ ವಿದೂಷಕ ಇರಬೇಕು ಎಂದು ತಾಯಿ ಗದರಿಸಿದಳು. ನಮ್ಮ ಮದುವೆ ಛತ್ರಗಳಲ್ಲಿ ಈ ಹುಡುಗನನ್ನು ಒಂದು ಸಂಜೆ ಓಡಾಡಿಸಬೇಕು ಅನ್ನಿಸುತ್ತದೆ.

ಮದುವೆ ಅಂದಾಗ ಇನ್ನೊಂದು ನೆನಪಾಯಿತು. ಅಲ್ಲಿನ ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡನ್ನೂ ನೋಡುತ್ತಾರೆ, ಇಬ್ಬರನ್ನೂ ಮೈಮೇಲೆ ನೂಲಿಲ್ಲದೆ. ಹಿರಿಯ ಹೆಂಗಸೊಬ್ಬಳು ಹುಡುಗಿಯ ಜೊತೆಗೆ, ಮರ್ಯಾದಸ್ಥ ಗಂಡಸೊಬ್ಬ ಹುಡುಗನ ಜೊತೆಗೆ. ಕುದುರೆ ಮರಿ ಕೊಳ್ಳುವಾಗ ಜೀನು ತೆಗೆಸಿ ನೋಡುವ ನೀವು ಬದುಕಿಡೀ ಜೊತೆಗಿರುವವರನ್ನು ಅಂಗೈಯಗಲ ಮುಖ ನೋಡಿ ಒಪ್ಪುತ್ತೀರಲ್ಲ ಎಂದು ಅವರಿಗೆ ನಗುವಂತೆ. ಉಪ್ಪಿಟ್ಟು ಕೇಸರಿಬಾತಿನ ಕಾಲದವರಾದ ನಾವು ಇದನ್ನು ಓದಿ ಮುಂದಿನ ಪುಟ ತಿರುಗಿಸುವುದು ಒಳ್ಳೆಯದು.

ಊಟದ ಹೊತ್ತಿಗೆ ಕಹಳೆ ಊದುತ್ತಾರೆ. ಮೂವತ್ತು ಮನೆಯವರೂ ಮುಖಂಡನ ದೊಡ್ಡ ಊಟದ ಮನೆಗೆ ಬರುತ್ತಾರೆ. ಗಂಡಸರು ಗೋಡೆಯ ಬದಿಗೆ, ಹೆಂಗಸರು ಎದುರು ಬದಿಗೆ. ಬಸುರಿಯರಿಗೆ ತಟ್ಟನೆ ಎದ್ದು ಹೋಗಬೇಕೆನಿಸಿದರೆ ಯಾರಿಗೂ ತೊಂದರೆಯಾಗಬಾರದು ಎಂಬ ಯೋಚನೆ. ಹಿರಿಯರ ನಡುವೆ ಕಿರಿಯರನ್ನು ಕೂರಿಸುತ್ತಾರೆ, ಅಡ್ಡಮಾತು ಆಡದಿರಲೆಂದು. ಅಡುಗೆ ಮನೆಮನೆಯ ಹೆಂಗಸರದು, ಸರದಿಯ ಮೇಲೆ.

ಇಲ್ಲಿಯವರೆಗೆ ಓದುತ್ತ ಬಂದವರು ಒಂದು ಸಣ್ಣ ವಾಕ್ಯವನ್ನು ಗಮನಿಸದೆ ದಾಟಿಬಿಡುವ ಸಾಧ್ಯತೆ ಹೆಚ್ಚು. ನಾನೂ ಮೊದಲ ಸಲ ದಾಟಿದ್ದೆ. ಊಟದ ಮನೆಯ ಭಾರದ ಕೆಲಸ, ಹೊಲಸು ಕೆಲಸ ಇವೆಲ್ಲ ಗುಲಾಮರಿಗೆ ಎಂದು ಯಾತ್ರಿಕ ಹೋಗುತ್ತ ಹೋಗುತ್ತ ಹೇಳುತ್ತಾನೆ. ಕಹಳೆ, ಪಂಕ್ತಿ, ಮಾತುಕತೆ, ಸಂಗೀತ, ಕೊನೆಗೆ ಧೂಪದ ಪರಿಮಳ ಇವುಗಳ ಹಿಂದೆ ಬಂಗಾರದ ಸಂಕೋಲೆ ತೊಟ್ಟವರು ಮುಸುರೆ ತಿಕ್ಕುತ್ತಿದ್ದಾರೆ. ದುಡ್ಡೇ ಇಲ್ಲದ, ಮೇಲು ಕೀಳಿಲ್ಲದ, ಆರೇ ಗಂಟೆ ದುಡಿಯುವ ದೇಶದಲ್ಲಿ ಇವರು ಯಾರು?

ಯಾತ್ರಿಕ ಅದನ್ನೂ ಮುಚ್ಚಿಡುವುದಿಲ್ಲ. ಯುಟೋಪಿಯಾದವರೇ ಹೋರಾಡಿದ ಯುದ್ಧದಲ್ಲಿ ಸೆರೆಸಿಕ್ಕವರು ಒಂದಿಷ್ಟು. ತಮ್ಮವರಲ್ಲೇ ದೊಡ್ಡ ತಪ್ಪು ಮಾಡಿದವರು ಒಂದಿಷ್ಟು. ಒಳ್ಳೆಯ ಸಂಸ್ಕಾರ ಸಿಕ್ಕೂ ಕೆಟ್ಟರಲ್ಲ ಎಂದು ಇವರನ್ನು ಇನ್ನೂ ಬಿಗಿಯಾಗಿ ದುಡಿಸುತ್ತಾರೆ. ಪರದೇಶದಲ್ಲಿ ಮರಣದಂಡನೆಗೆ ಗುರಿಯಾದವರನ್ನು ಅಗ್ಗಕ್ಕೆ, ಹಲವು ಸಲ ಪುಕ್ಕಟೆಗೆ ತಂದುಕೊಂಡದ್ದು ಒಂದಿಷ್ಟು. ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಗುಂಪು. ನೆರೆಯ ದೇಶಗಳ ಬಡ ಕೂಲಿಕಾರರು ತಮ್ಮೂರಿನ ಬವಣೆಗಿಂತ ಇಲ್ಲಿನ ಗುಲಾಮಗಿರಿಯೇ ವಾಸಿ ಎಂದು ತಾವಾಗಿ ಬಂದು ಸೇರುತ್ತಾರೆ. ಅವರನ್ನು ಹೆಚ್ಚುಕಡಿಮೆ ಪ್ರಜೆಗಳಂತೆಯೇ ಮರ್ಯಾದೆಯಿಂದ ನೋಡಿಕೊಳ್ಳುತ್ತಾರೆ, ತುಸು ಹೆಚ್ಚು ಕೆಲಸ ಹೇರುತ್ತಾರೆ, ಅವರಿಗೆ ಹೇಗೂ ರೂಢಿಯಾಗಿದೆಯಲ್ಲ ಎಂದು. ಹೋಗುತ್ತೇನೆಂದರೆ ತಡೆಯುವುದಿಲ್ಲ, ಬರಿಗೈಯಲ್ಲಿ ಕಳಿಸುವುದೂ ಇಲ್ಲ. 1516ರಲ್ಲಿ ಬರೆದ ಈ ನಾಲ್ಕು ಸಾಲನ್ನು ಇವತ್ತಿನ ಯಾವುದೇ ದೊಡ್ಡ ನಗರದ ಕಟ್ಟಡ ಕೆಲಸದ ಶೆಡ್ಡಿನ ಎದುರು ನಿಂತು ಓದಬಹುದು. ಅವರಿಗೆ ರೂಢಿಯಾಗಿದೆ ಎಂಬ ಮಾತು ಮಾತ್ರ ಐನೂರು ವರ್ಷಗಳಲ್ಲಿ ಒಂದಕ್ಷರ ಬದಲಾಗಿಲ್ಲ.

ಕಸಾಯಿ ಕೆಲಸದ ವಿಷಯ ಇನ್ನೂ ಸೂಕ್ಷ್ಮ. ಪ್ರಾಣಿಗಳನ್ನು ಕಡಿಯುವುದು ಊರ ಹೊರಗೆ, ಹರಿಯುವ ನೀರಿನ ಬಳಿ, ಗುಲಾಮರ ಕೈಯಿಂದ. ಪ್ರಜೆಗಳು ಆ ಕೆಲಸ ಮುಟ್ಟುವಂತಿಲ್ಲ, ಮುಟ್ಟಿದರೆ ಮನಸ್ಸಿನ ಕರುಣೆ ಬತ್ತುತ್ತದಂತೆ. ಮಾಂಸ ಮಾತ್ರ ತೊಳೆದು ಸಂತೆಗೆ ಬರುತ್ತದೆ, ಎಲ್ಲರೂ ತಿನ್ನುತ್ತಾರೆ. ಊರ ಹೊರಗೆ, ನೀರಿನ ಬಳಿ, ಬೇರೆಯವರ ಕೈಯಿಂದ ಎಂಬ ಈ ಮೂರು ಮಾತು ಓದಿದಾಗ ನಮ್ಮಲ್ಲಿ ಯಾರಿಗೂ ಅಡಿಟಿಪ್ಪಣಿ ಬೇಕಾಗದು. ಗುಲಾಮಗಿರಿ ಅಲ್ಲಿ ಹುಟ್ಟಿನಿಂದ ಬರುವುದಿಲ್ಲ, ಗುಲಾಮರ ಮಕ್ಕಳು ಗುಲಾಮರಲ್ಲ. ಆ ಮಟ್ಟಿಗೆ ಮೋರ್‌ನ ದ್ವೀಪ ನಮ್ಮ ಊರುಗಳಿಗಿಂತ ಮುಂದಿತ್ತೆಂದು ಒಪ್ಪಿಕೊಳ್ಳಬೇಕು.

ಹಿತ್ತಲಿಗೆ ಬಂದ ಮೇಲೆ ಬೇರೆ ಸಂಗತಿಗಳೂ ಕಾಣತೊಡಗುತ್ತವೆ. ಒಂದು ನಗರದಿಂದ ಇನ್ನೊಂದಕ್ಕೆ ಹೋಗಲು ಅಧಿಪತಿಯ ರಹದಾರಿ ಪತ್ರ ಬೇಕು, ಅದರಲ್ಲಿ ಮರಳಿ ಬರುವ ದಿನವೂ ನಮೂದಾಗಿರಬೇಕು. ಪತ್ರವಿಲ್ಲದೆ ತಿರುಗಿ ಎರಡನೇ ಸಲ ಸಿಕ್ಕಿಬಿದ್ದರೆ ಗುಲಾಮಗಿರಿ. ಹೆಂಡದಂಗಡಿ ಇಲ್ಲ, ಗುಟ್ಟಾಗಿ ಕೂಡುವ ಮೂಲೆ ಇಲ್ಲ, ಎಲ್ಲರೂ ಎಲ್ಲರ ಕಣ್ಣಿನಲ್ಲಿ. ತಿಂಗಳ ಕೊನೆಯ ಹಬ್ಬದ ದಿನ ಗುಡಿಗೆ ಹೋಗುವ ಮುನ್ನ ಹೆಂಡತಿ ಗಂಡನ ಮುಂದೆ, ಮಕ್ಕಳು ತಂದೆತಾಯಿಯ ಮುಂದೆ ಮೊಣಕಾಲೂರಿ ತಪ್ಪೊಪ್ಪಿಕೊಳ್ಳಬೇಕು. ಗಂಡ ಯಾರ ಮುಂದೆ ಮೊಣಕಾಲೂರುತ್ತಾನೆ ಎಂದು ಹುಡುಕಿದರೆ ಸಿಗುವುದಿಲ್ಲ. ಜನ ಹೆಚ್ಚಿದರೆ ಎದುರು ದಡದಲ್ಲಿ ಪಾಳುಬಿದ್ದ ನೆಲ ಹಿಡಿದು ವಸಾಹತು ಹೂಡುತ್ತಾರೆ. ಅಲ್ಲಿನವರು ಒಪ್ಪದಿದ್ದರೆ ಯುದ್ಧ. ಉಳುಮೆ ಮಾಡದೆ ಬಿಟ್ಟವರಿಗೆ ಆ ನೆಲದ ಮೇಲೆ ಏನು ಹಕ್ಕು ಎಂಬುದು ವಾದ. ಯುದ್ಧಕ್ಕೂ ತಮ್ಮವರನ್ನು ಕಳಿಸುವುದು ಕಡೆಯ ಉಪಾಯ. ಬೆಟ್ಟಗಾಡಿನ ಜಪೊಲೆಟರೆಂಬ ಬಾಡಿಗೆ ಸೈನಿಕರಿಗೆ ಬಂಗಾರ ಸುರಿದು ಮುಂದೆ ಬಿಡುತ್ತಾರೆ, ಅವರೆಷ್ಟು ಸತ್ತರೂ ಇವರಿಗೆ ಚಿಂತೆಯಿಲ್ಲ. ಮೂತ್ರದ ಪಾತ್ರೆಯ ಬಂಗಾರಕ್ಕೆ ಇನ್ನೊಂದು ಉಪಯೋಗ ಇತ್ತೆಂದಾಯಿತು.

ಹಾಗೆಂದು ಮೋರ್‌ನನ್ನು ಕಟಕಟೆಯಲ್ಲಿ ನಿಲ್ಲಿಸುವ ಮುನ್ನ ಅವನ ಊರಿನ ನೇಣುಗಂಬ ನೋಡಿ ಬರಬೇಕು. ಪುಸ್ತಕದ ಮೊದಲ ಭಾಗದಲ್ಲಿ ದ್ವೀಪದ ಮಾತು ಕಡಿಮೆ, ಇಂಗ್ಲೆಂಡಿನ ಮಾತೇ ಹೆಚ್ಚು. ಕಳ್ಳತನಕ್ಕೆ ನೇಣು, ಒಂದೇ ಕಂಬದಲ್ಲಿ ಒಮ್ಮೆಲೇ ಇಪ್ಪತ್ತು ಮಂದಿಯನ್ನು ತೂಗಿದರೂ ಕಳ್ಳರು ಯಾಕೆ ಕಡಿಮೆಯಾಗುತ್ತಿಲ್ಲ ಎಂದು ಅಲ್ಲೊಬ್ಬ ವಕೀಲ ಅಚ್ಚರಿಪಡುತ್ತಾನೆ. ಯಾಕೆಂದರೆ ಉಣ್ಣೆಗೆ ಬೆಲೆ ಏರಿದೆ. ಜಮೀನ್ದಾರರು, ಮಠಾಧಿಪತಿಗಳು ಕೂಡ, ಉಳುವ ಹೊಲಕ್ಕೆ ಬೇಲಿ ಹಾಕಿ ಕುರಿ ಬಿಟ್ಟಿದ್ದಾರೆ. ಸಾಧುಪ್ರಾಣಿಯಾದ ಕುರಿ ಈಗ ಊರಿಗೂರನ್ನೇ ನುಂಗುತ್ತಿದೆ ಎಂದು ಯಾತ್ರಿಕ ಕಿಡಿಕಾರುತ್ತಾನೆ. ಹೊಲ ಕಳೆದುಕೊಂಡವನು ಗಂಟುಮೂಟೆ ಕಟ್ಟಿ ಹೊರಟು, ಅದೂ ಕರಗಿದ ಮೇಲೆ ಕದಿಯದೆ ಇನ್ನೇನು ಮಾಡಿಯಾನು? ಮೊದಲು ಕಳ್ಳರನ್ನು ತಯಾರು ಮಾಡಿ ಆಮೇಲೆ ನೇಣಿಗೇರಿಸುತ್ತೀರಿ ಎಂಬುದು ಅವನ ದೂರು. ಇದನ್ನು ಬರೆದವನು ಅದೇ ಉಣ್ಣೆ ವ್ಯಾಪಾರದ ಪರವಾಗಿ ಫ್ಲಾಂಡರ್ಸಿಗೆ ಹೋದವನು, ಲಂಡನ್ ನಗರದ ಉಪ ಶೆರೀಫ್ ಆಗಿ ನ್ಯಾಯಪೀಠದಲ್ಲಿ ಕೂರುತ್ತಿದ್ದವನು. ಯುಟೋಪಿಯಾದಲ್ಲಿ ಒಬ್ಬನೇ ಒಬ್ಬ ವಕೀಲನೂ ಇಲ್ಲದಿರುವುದು ವಕೀಲನೇ ಕೊಟ್ಟುಕೊಂಡ ಸರ್ಟಿಫಿಕೇಟು. ನೇಣಿನ ಪಕ್ಕದಲ್ಲಿ ಇಟ್ಟು ನೋಡಿದರೆ, ಕೊಲ್ಲಬೇಡಿ, ದುಡಿಸಿಕೊಳ್ಳಿ ಎಂಬ ಗುಲಾಮಗಿರಿ ಅವನ ಪಾಲಿಗೆ ಕರುಣೆಯೇ ಆಗಿತ್ತು. ಅಂದರೂ ಮುಸುರೆಯ ಪ್ರಶ್ನೆ ಅಲ್ಲಿಗೆ ಬಗೆಹರಿಯುವುದಿಲ್ಲ. ಎಲ್ಲರೂ ಸರದಿಯಲ್ಲಿ ನೇಗಿಲು ಹಿಡಿಯುವ ಸಮಾಜವನ್ನು ಕಲ್ಪಿಸಿದ ತಲೆಗೆ ಎಲ್ಲರೂ ಸರದಿಯಲ್ಲಿ ಪಾತ್ರೆ ತೊಳೆಯುವುದನ್ನು ಕಲ್ಪಿಸಲು ಆಗಲಿಲ್ಲ. ಯುಟೋಪಿಯಾದಲ್ಲಿ ಒಂದು ಪಂಥದವರುಂಟು. ಪುಣ್ಯಕ್ಕಾಗಿ ಚರಂಡಿ ತೆಗೆಯುತ್ತಾರೆ, ಸೇತುವೆ ರಿಪೇರಿ ಮಾಡುತ್ತಾರೆ, ಯಾರೂ ಮುಟ್ಟದ ಕೆಲಸವನ್ನು ನಗುನಗುತ್ತ ಮಾಡುತ್ತಾರೆ. ಒಂದೋ ಸಂಕೋಲೆ, ಇಲ್ಲವೇ ಸಂತತನ. ನಡುವಿನ ಸಾಮಾನ್ಯ ಮನುಷ್ಯನ ಕೈ ಹೊಲಸಾಗುವ ದಾರಿ ಮೋರ್‌ಗೆ ಹೊಳೆಯಲಿಲ್ಲ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕಾಶಿಯಲ್ಲಿ ಚಮ್ಮಾರ ಕುಲದ ಸಂತ ರವಿದಾಸರು ಒಂದು ಊರನ್ನು ಕಂಡರು. ಬೇಗಂಪುರ, ದುಃಖವಿಲ್ಲದ ಪಟ್ಟಣ. ಅದನ್ನು ಹಾಡಿದ ಪುಟ್ಟ ಪದ ಸಿಖ್ಖರ ಗುರು ಗ್ರಂಥ ಸಾಹಿಬ್‌ನಲ್ಲಿ ಸೇರಿದೆ. ನಕ್ಷೆಯಿಲ್ಲ, ಸೇತುವೆಯ ಅಳತೆಯಿಲ್ಲ, ಊಟದ ಮನೆಯ ಆಸನ ವ್ಯವಸ್ಥೆಯಿಲ್ಲ. ಏನೇನಿಲ್ಲ ಎಂಬುದರ ಪಟ್ಟಿಯಿದೆ: ತೆರಿಗೆಯ ಕಾಟ, ಭಯ, ಎರಡನೆಯ ಮೂರನೆಯ ದರ್ಜೆಯ ಜನ. ಅಲ್ಲಿನವರು ಮನಸ್ಸು ಬಂದ ಕಡೆಗೆಲ್ಲ ಓಡಾಡುತ್ತಾರೆ, ತಡೆಯುವವರಿಲ್ಲ ಎಂಬ ಮಾತೂ ಇದೆ. ಲಂಡನ್ನಿನ ನ್ಯಾಯಾಧಿಕಾರಿಯ ಕನಸಿನ ದೇಶದಲ್ಲಿ ರಹದಾರಿ ಪತ್ರ ಬೇಕು. ಸತ್ತ ದನದ ಚರ್ಮ ಹದ ಮಾಡುವ ಕುಲದವರ ಕನಸಿನ ದೇಶದಲ್ಲಿ ಬೀದಿಯಲ್ಲಿ ಸುಮ್ಮನೆ ನಡೆದುಹೋಗುವುದೇ ಸಾಮ್ರಾಜ್ಯ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿದವರಲ್ಲ. ಸಮಾಜಶಾಸ್ತ್ರಜ್ಞೆ ಗೇಲ್ ಓಮ್ವೆಟ್ ತಮ್ಮ ಒಂದು ಪುಸ್ತಕಕ್ಕೆ ಬೇಗಂಪುರದ ಹೆಸರನ್ನೇ ಇಟ್ಟು, ಜಾತಿವಿರೋಧಿ ಚಿಂತಕರ ಕನಸುಗಳನ್ನು ಅಲ್ಲಿಂದಲೇ ಎಣಿಸುತ್ತ ಬಂದಿದ್ದಾರೆ. ಮುಸುರೆ ತಿಕ್ಕುವವರಿಗೆ ಕಲ್ಪನೆಯ ದೇಶ ಕಟ್ಟಲು ಬಿಟ್ಟರೆ ಅದು ಹೇಗಿದ್ದೀತು ಎಂದು ಕೇಳುವವರು ಮೊದಲು ಆ ಪದವನ್ನು ಓದಬೇಕು.

ಮೋರ್‌ನ ನಂತರ ಕಡಲಿನಲ್ಲಿ ಇಲ್ಲದ ದ್ವೀಪಗಳ ಸಾಲೇ ಎದ್ದಿತು. ಎಲ್ಲವನ್ನೂ ಸುತ್ತುವ ಆಸೆ ಇಲ್ಲ, ಒಂದನ್ನು ಮಾತ್ರ ಬಿಡಲಾರೆ. 1977ರ ಏಪ್ರಿಲ್ 1ರಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಸ್ಯಾನ್ ಸೆರಿಫ್ ಎಂಬ ದೇಶದ ಸ್ವಾತಂತ್ರ್ಯದ ದಶಮಾನೋತ್ಸವಕ್ಕೆ ಏಳು ಪುಟಗಳ ವಿಶೇಷ ಪುರವಣಿ ತಂದಿತು. ಅರ್ಧವಿರಾಮ ಚಿಹ್ನೆಯ ಆಕಾರದಲ್ಲಿ ಎರಡು ದ್ವೀಪ, ಅಪ್ಪರ್ ಕೇಸ್ ಮತ್ತು ಲೋವರ್ ಕೇಸ್. ರಾಜಧಾನಿ ಬೊಡೋನಿ, ಸರ್ವಾಧಿಕಾರಿ ಜನರಲ್ ಪೈಕ. ನಿಜವಾದ ಕಂಪನಿಗಳ ಜಾಹೀರಾತುಗಳೂ ಇದ್ದವು. ಮೊದಲು ದ್ವೀಪಗಳನ್ನು ಅಟ್ಲಾಂಟಿಕ್‌ನಲ್ಲಿ, ಟೆನೆರಿಫ್ ಬಳಿ ಇಟ್ಟಿದ್ದರು. ಕೆಲವೇ ದಿನ ಮೊದಲು, ಮಾರ್ಚ್ 27ರಂದು, ಟೆನೆರಿಫ್‌ನಲ್ಲಿ ಎರಡು ವಿಮಾನ ಡಿಕ್ಕಿಯಾಗಿ ನೂರಾರು ಜನ ಸತ್ತಿದ್ದರಿಂದ ಗಡಿಬಿಡಿಯಲ್ಲಿ ದೇಶವನ್ನೇ ಎತ್ತಿ ಹಿಂದೂ ಮಹಾಸಾಗರಕ್ಕೆ ತಂದರು. ಎಲ್ಲೂ ಇಲ್ಲದ ಊರಿಗೆ ಇರುವ ಅನುಕೂಲ ಅದು. ಪತ್ರಿಕೆ ಮನೆ ತಲುಪಿದ ಮೇಲೆ, ಅಲ್ಲಿಗೆ ಪ್ರವಾಸ ಹೋಗುವುದು ಹೇಗೆಂದು ಕೇಳುವವರ ಫೋನು ದಿನವಿಡೀ ರಿಂಗಣಿಸಿತು.

ಅಚ್ಚಿನ ಮನೆಯ ಮಾತು ಬಲ್ಲವರಿಗೆ ಪ್ರತಿ ಸಾಲಿನಲ್ಲೂ ಕಚಗುಳಿ. ಸೆರಿಫ್ ಎಂದರೆ ಇಂಗ್ಲಿಷ್ ಅಕ್ಷರದ ತುದಿಯ ಪುಟ್ಟ ಪಾದ. ಬೊಡೋನಿ ಒಂದು ಅಕ್ಷರ ವಿನ್ಯಾಸ, ಪೈಕ ಒಂದು ಅಳತೆ. ವಲಸೆ ಬಂದು ಒಡೆಯರಾದವರ ಹೆಸರು ಕೊಲೋನರು, ಬೆರಕೆ ಮನೆತನದವರು ಸೆಮಿಕೊಲೋನರು, ಮೂಲನಿವಾಸಿಗಳು ಫ್ಲಾಂಗರು. ಈ ಕೊನೆಯ ಹೆಸರಿನ ಹತ್ತಿರ ನಾನು ಸ್ವಲ್ಪ ಹೊತ್ತು ನಿಂತೆ. ಮೊಳೆ ಜೋಡಿಸಿದ ಪುಟದ ಮೇಲೆ ಒದ್ದೆ ಕಾಗದದ ದಪ್ಪ ಹಾಳೆ ಒತ್ತಿ ಅಚ್ಚು ತೆಗೆದು, ಅದರೊಳಗೆ ಕರಗಿದ ಸೀಸ ಹೊಯ್ದು ಪತ್ರಿಕೆ ಮುದ್ರಿಸುತ್ತಿದ್ದ ಕಾಲವೊಂದಿತ್ತು. ಆ ಒದ್ದೆ ಹಾಳೆಯ ಹೆಸರು ಫ್ಲಾಂಗ್. ಮೊಳೆಯ ಭಾರ, ಸೀಸದ ಕಾವು ಎರಡನ್ನೂ ತಿಂದು, ಪತ್ರಿಕೆ ಹೊರಬಿದ್ದ ಮೇಲೆ ಕಸಕ್ಕೆ ಹೋಗುವುದು ಅದು. ತಮಾಷೆಗೆ ಹೆಸರಿಟ್ಟವರು ಅಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ಹೆಸರು ಮಾತ್ರ ಸರಿಯಾದ ಜಾಗಕ್ಕೆ ಬಿದ್ದಿದೆ. ಸ್ಯಾನ್ ಸೆರಿಫ್ ಇನ್ನೂ ಮುಳುಗಿಲ್ಲ. ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2.56 ಡಾಲರ್ ಚೆಕ್ ಕಳಿಸುತ್ತಿದ್ದ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್, ಚೆಕ್ ವಂಚನೆಯ ಭಯದಿಂದ 2008ರಿಂದೀಚೆಗೆ ಬ್ಯಾಂಕ್ ಆಫ್ ಸ್ಯಾನ್ ಸೆರಿಫ್‌ನ ಠೇವಣಿ ಪತ್ರ ಕಳಿಸುತ್ತಾರೆ. ಇಲ್ಲದ ದೇಶದ ಇಲ್ಲದ ಬ್ಯಾಂಕಿನ ಕಾಗದ, ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳುವವರು ಇರುವ ಜನ.

ಮೋರ್‌ನ ಕಥೆಗೆ ಮರಳೋಣ. ಅವನ ದ್ವೀಪದಲ್ಲಿ ಯಾರು ಯಾವ ದೇವರನ್ನು ಪೂಜಿಸಿದರೂ ಶಿಕ್ಷೆಯಿಲ್ಲ. ಅವನೇ 1529ರಿಂದ 1532ರವರೆಗೆ ಇಂಗ್ಲೆಂಡಿನ ಚಾನ್ಸಲರ್ ಆಗಿದ್ದಾಗ ಧರ್ಮದ್ರೋಹದ ಆರೋಪದ ಮೇಲೆ ಆರು ಮಂದಿಯನ್ನು ಜೀವಂತ ಸುಡಲಾಯಿತು. ಆಮೇಲೆ ದೊರೆಯನ್ನು ಚರ್ಚಿನ ಮುಖ್ಯಸ್ಥನೆಂದು ಒಪ್ಪಲಾರೆನೆಂದು ತಾನೂ 1535ರ ಜುಲೈ 6ರಂದು ತಲೆ ಕೊಟ್ಟ. ನಾನೂರು ವರ್ಷವಾದ ಮೇಲೆ ಕ್ಯಾಥೊಲಿಕ್ ಚರ್ಚ್ ಅವನನ್ನು ಸಂತನೆಂದು ಸಾರಿತು. ಅದಕ್ಕೂ ಮೊದಲೇ, 1918ರಲ್ಲಿ, ಮಾಸ್ಕೋದ ಕ್ರೆಮ್ಲಿನ್ ಗೋಡೆಯ ಪಕ್ಕದ ತೋಟದ ಸ್ತಂಭದಲ್ಲಿ ಬೊಲ್ಶೆವಿಕರು ಅವನ ಹೆಸರನ್ನು ಕ್ರಾಂತಿಕಾರಿ ಚಿಂತಕರ ಸಾಲಿನಲ್ಲಿ ಕೆತ್ತಿಸಿದ್ದರು. 2013ರಲ್ಲಿ ಆ ಹೆಸರುಗಳನ್ನು ತೆಗೆದು ಹಳೆಯ ರಾಜವಂಶದ ಹೆಸರುಗಳನ್ನು ಮತ್ತೆ ಕೂರಿಸಿದರು.

ಕಲ್ಲಿನಲ್ಲಿ ಉಳಿಯದ ಪುಸ್ತಕ ಮಣ್ಣಿನಲ್ಲಿ ಉಳಿಯಿತು, ಅದೂ ಮೋರ್ ಎಂದೂ ಕಾಣದ ನಾಡಿನಲ್ಲಿ. ಸ್ಪೇನಿನವರು ಮೆಕ್ಸಿಕೊ ಗೆದ್ದು ಹತ್ತು ವರ್ಷ ತುಂಬಿತ್ತು. ವಾಸ್ಕೊ ದ ಕಿರೋಗ ಎಂಬ ನ್ಯಾಯಾಧೀಶ ಅಲ್ಲಿಗೆ ಬಂದವನು, ಗೆದ್ದವರ ಗಣಿಗಳಲ್ಲಿ ಸಾಯುತ್ತಿದ್ದ ಮೂಲನಿವಾಸಿಗಳನ್ನು ನೋಡಿ ಯುಟೋಪಿಯಾವನ್ನು ಕಾನೂನು ಪುಸ್ತಕದ ಹಾಗೆ ಓದಿಕೊಂಡ. 1532ರಲ್ಲಿ, ಮೋರ್ ಇನ್ನೂ ಬದುಕಿದ್ದಾಗಲೇ, ಮೆಕ್ಸಿಕೊ ನಗರದ ಬಳಿ ಸಾಂತಾ ಫೆ ಎಂಬ ಊರು ಕಟ್ಟಿಸಿದ. ಮುಂದಿನ ವರ್ಷಗಳಲ್ಲಿ ಮಿಚೊಆಕಾನ್ ಸೀಮೆಯ ಪಾತ್ಸ್‌ಕ್ವಾರೊ ಕೆರೆಯ ದಂಡೆಯಲ್ಲಿ ಇನ್ನೊಂದು. ಆರು ಗಂಟೆಯ ದುಡಿತ, ಎಲ್ಲರಿಗೂ ಬೇಸಾಯ ಮತ್ತು ಒಂದು ಕಸುಬು, ಸರದಿಯ ಮೇಲೆ ಎರಡು ವರ್ಷ ಹೊಲದ ಮನೆ, ಆರಿಸಿದ ಮುಖಂಡರು, ರೋಗಿಗಳಿಗೆ ಆರೈಕೆಯ ಮನೆ. ಕಾಲುವೆ ತೋಡಿಸಲಿಲ್ಲ. ಬಂಗಾರದ ಸಂಕೋಲೆಯನ್ನು ಪುಸ್ತಕದಲ್ಲೇ ಬಿಟ್ಟ. ಹೊರಗಿನ ಧರ್ಮವನ್ನು ಮಾತ್ರ ಬಿಡಲಿಲ್ಲ, ಬಿಷಪ್ಪನೇ ಆದ.

ಆ ಸೀಮೆಯ ಪುರೆಪೆಚ ಜನ ಅವನನ್ನು ಈಗಲೂ ತಾತಾ ವಾಸ್ಕೊ ಎನ್ನುತ್ತಾರೆ. ತಾತಾ ಎಂದರೆ ಅವರಲ್ಲಿ ಅಪ್ಪ. ಊರಿಗೊಂದು ಕಸುಬು ಹಂಚಿದವನು ಅವನೇ ಎಂಬುದು ಅಲ್ಲಿನ ನಂಬಿಕೆ. ಸಾಂತಾ ಕ್ಲಾರಾದಲ್ಲಿ ತಾಮ್ರ ಬಡಿಯುತ್ತಾರೆ. ಕೆರೆ ದಂಡೆಯ ಸಾಂತಾ ಫೆಯಲ್ಲಿ ಇವತ್ತಿಗೂ ಹೆಂಗಸರು ಮಣ್ಣು ಕಲಸಿ, ಕೈಯಾರೆ ಪಾತ್ರೆ ಮಾಡಿ, ಬೀದಿಯ ಬದಿಗೆ ಒಣಗಲು ಇಡುತ್ತಾರೆ.